ತಂಡದ ನೀರು

2023ರ ಮೇ 14, ಮಧ್ಯಾಹ್ನ 2 ಗಂಟೆ 10 ನಿಮಿಷ. ನಮ್ಮ ಬೈಕ್ ತಂಡದ ನಾಯಕ ಹೆದ್ದಾರಿ ಬದಿಯ ಬೇವಿನ ಮರದಡಿ ಕುಸಿದು ಕುಳಿತ. ಎಲ್ಲರಿಗಿಂತ ಹಿಂದೆ ಬರುವವರು ತಂಡದ ನೀರು ಹೊರುವುದು ಪದ್ಧತಿ. ಈ ಸಲ ನನ್ನ ಸರದಿ. ಉಳಿದವರು ಮುಂದೆ ಹೋಗಿದ್ದರು.

“ನೀರು ಕೊಡ್ರೀ ಮೇಡಂ. ಬನಿಯನ್ ತೋಯಿಸ್ಕೊಂಡು ಮ್ಯಾಲ ಜಾಕೆಟ್ ಹಾಕ್ಕೋತೀನಿ. ಮೈ ಸುಡಾಕತ್ತದ.”

“ಹೋದ ವರ್ಷ ಒಬ್ಬ ಹುಡುಗನೂ ಹಿಂಗೇ ನೀರು ಕೇಳಿದ್ನಂತಲ್ರೀ?”

“ಹೂಂ. ‘ಬೆಣ್ಣಿ ಮುದ್ದಿ ಏನಲೇ, ಕರಗ್ತೀ? ನಡಿ’ ಅಂದಿದ್ದೆ. ಮುಂದ ಬಿಸಿಲಿಗೆ ಬಿದ್ದು ಸತ್ತ, ಪಾಪ. ನಿಮಗ ಅಂವ ಗೊತ್ತಿದ್ನೇನು?”

“ನನ್ನ ತಮ್ಮ.”

ಅವನ ತಲೆ ತಗ್ಗಿತು. “ತಪ್ಪಾತ್ರೀ. ಈಗ ಒಂದೀಟು ನೀರು...”

“ಖಾಲಿ ಆಗೇದ. ನೀವೇನು ಬೆಣ್ಣಿ ಮುದ್ದಿ ಅಲ್ಲಲ್ಲ, ನಡೀರಿ.”

ನನ್ನ ಕ್ಯಾನಿನಲ್ಲಿ ಆರು ಲೀಟರ್ ನೀರಿತ್ತು.