ವಾಪಸ್ ಬರುವುದಕ್ಕೆ ಸಾಕ್ಷಿ

ಡಬ್ಲಿನ್ನಿಗೆ ಹೋಗುವ ದಾರಿಯಲ್ಲಿ ಲೂಕನ್ ದಾಟಿದ ಮೇಲೆ ಕಾರುಗಳು ಒಂದರ ಹಿಂದೆ ಒಂದು ನಿಂತುಬಿಟ್ಟಿದ್ದವು. ಆಗ ಅರ್ಪಿತಾಳ ಫೋನು ಕಾರಿನ ಸ್ಪೀಕರಿನಲ್ಲಿ ರಿಂಗಾಯಿತು. ಫೋನಿದ್ದದ್ದು ಹಿಂದಿನ ಸೀಟಿನ ಬ್ಯಾಗಿನಲ್ಲಿ. "ಇರು, ನಾನೇ ತಗೋತೀನಿ," ಎಂದು ಅವಳು ಹಿಂದಕ್ಕೆ ಬಾಗುವಷ್ಟರಲ್ಲಿ, ಕಾರು ಓಡಿಸುತ್ತಿದ್ದ ಗಂಡ ಶ್ರೀಹರ್ಷನ ಹೆಬ್ಬೆರಳು ಸ್ಟಿಯರಿಂಗಿನ ಗುಂಡಿಯನ್ನು ಒತ್ತಿಯಾಗಿತ್ತು.

"ಫ್ರಾನ್ಸಿನ ವೀಸಾ ವಿಭಾಗದಿಂದ," ಎಂದಿತು ಒಂದು ಹೆಣ್ಣು ಧ್ವನಿ, ನಿಧಾನವಾದ ಇಂಗ್ಲಿಷಿನಲ್ಲಿ. "ನಿಮ್ಮ ಅರ್ಜಿಯ ಬಗ್ಗೆ ಕೆಲವು ಪ್ರಶ್ನೆಗಳಿವೆ. ಈಗ ಮಾತಾಡಬಹುದೇ?"

ಅರ್ಪಿತಾ ಗಂಡನ ಮುಖ ನೋಡಿದಳು. "ಕೇಳಿ," ಎಂದಳು.

"ನೀವು ಹೋಗುತ್ತಿರುವುದು ತೀರಾ ಸಣ್ಣ ಹಳ್ಳಿ. ಪ್ರವಾಸಿಗಳು ಅಲ್ಲಿಗೆ ಹೋಗುವುದಿಲ್ಲ. ಏತಕ್ಕೆ ಹೋಗುತ್ತಿದ್ದೀರಿ?"

"ಓಡುವುದಕ್ಕೆ."

"ಯಾವ ಸ್ಪರ್ಧೆ?"

"ಸ್ಪರ್ಧೆ ಯಾವುದೂ ಇಲ್ಲ."

ನಿಂತ ಕಾರಿನಲ್ಲೇ ಶ್ರೀಹರ್ಷ ಬ್ರೇಕನ್ನು ಇನ್ನಷ್ಟು ಅದುಮಿದ. ಹೆಂಡತಿ ಮ್ಯಾರಥಾನ್ ಓಡಲು ಹೋಗುತ್ತಿದ್ದಾಳೆಂದು ಅವನು ಗೆಳೆಯರಿಗೆಲ್ಲ ಹೇಳಿಕೊಂಡಿದ್ದ. ಈಗ ನೆನೆದರೆ, ಅವಳು ಹಾಗೆ ಹೇಳಿಯೇ ಇರಲಿಲ್ಲ. 'ಓಡೋಕೆ ಫ್ರಾನ್ಸಿಗೆ ಹೋಗ್ಬೇಕು ಅಂತಿದೀನಿ, ನಾಲ್ಕು ದಿನ,' ಎಂದಿದ್ದಳು. ಅವನು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಇಲ್ಲಿನವರಂತೆ 'ಗ್ರ್ಯಾಂಡ್', ಅಂದರೆ ಸರಿ, ಎಂದಿದ್ದ. ಅಲ್ಲಿಗೆ ಆ ವಿಷಯ ಮುಗಿದಿತ್ತು.

"ಓಟಗಾರರ ಒಂದು ವೆಬ್‌ಸೈಟಿನಲ್ಲಿ ಆ ದಾರಿ ಸಿಕ್ಕಿತು," ಎನ್ನುತ್ತಿದ್ದಳು ಅರ್ಪಿತಾ. "ಕಾಲುವೆಯ ದಂಡೆಯ ಮೇಲೆ ಆರು ಕಿಲೋಮೀಟರ್. ಆಮೇಲೊಂದು ಪಾರ್ಕು. ಊರಿನ ಚೌಕದಲ್ಲಿ ಯುದ್ಧ ಸ್ಮಾರಕ. ಅಲ್ಲಿಂದ ಹೊಲಗಳ ನಡುವೆ ವಾಪಸ್. ಒಟ್ಟು ಹದಿನಾಲ್ಕು."

ಪಕ್ಕದಲ್ಲೇ ಮಲಗುವವಳು ಈ ದಾರಿಯನ್ನು ಯಾವಾಗ ಇಷ್ಟು ಬಾಯಿಪಾಠ ಮಾಡಿಕೊಂಡಳು ಎಂದು ಅವನು ಲೆಕ್ಕ ಹಾಕತೊಡಗಿದ.

"ಕಾಲುವೆ, ಪಾರ್ಕು, ಯುದ್ಧ ಸ್ಮಾರಕ. ಡಬ್ಲಿನ್ನಿನಲ್ಲೂ ಇವೆಯಲ್ಲ?"

"ಇವೆ. ಆದರೆ ಇಲ್ಲಿ ಎಲ್ಲಿ ಓಡಿದರೂ ಕೊನೆಗೆ ನಮ್ಮ ಮನೆ ಬಾಗಿಲೇ ಬರುತ್ತದೆ."

ಆ ಕಡೆಯಿಂದ ಟೈಪ್ ಮಾಡುವ ಸದ್ದು. "ಆ ಊರಿನಲ್ಲಿ ಪರಿಚಯದವರು?"

"ಯಾರೂ ಇಲ್ಲ."

ಮ್ಯಾಥ್ಯೂ, ಎಂದುಕೊಂಡ ಶ್ರೀಹರ್ಷ. ಅವಳ ಆಫೀಸಿನಲ್ಲಿದ್ದ, ಫ್ರೆಂಚ್ ಮಾತಾಡುವವನು. ಒಮ್ಮೆ ಮನೆಗೆ ಬಂದು ಬಿಸಿಬೇಳೆಬಾತನ್ನು ಫೋರ್ಕಿನಲ್ಲಿ ತಿಂದು, ಬೂಂದಿ ಎಲ್ಲಿ ಸಿಗುತ್ತದೆಂದು ಕೇಳಿ ಬರೆದುಕೊಂಡಿದ್ದ. ಮಾರ್ಚಿನಲ್ಲಿ ಕೆಲಸ ಬಿಟ್ಟು ತನ್ನ ದೇಶಕ್ಕೆ ಹೋದ. ಅರ್ಪಿತಾ ಹೊಸ ಶೂ ಕೊಂಡದ್ದು ಏಪ್ರಿಲ್‌ನಲ್ಲಿ.

"ಸ್ಮಾರಕದ ಮೇಲೆ ನಿಮ್ಮ ಮನೆತನದವರ ಹೆಸರೇನಾದರೂ ಇದೆಯೇ? ಫ್ರಾನ್ಸಿನಲ್ಲಿ ಭಾರತದ ಸೈನಿಕರೂ ಸತ್ತಿದ್ದಾರೆ. ಹಾಗಿದ್ದರೆ ಅದನ್ನೇ ಬರೆದುಕೊಳ್ಳುತ್ತೇನೆ."

ಆಕೆ ತಾನಾಗಿ ಒಂದು ಕಾರಣವನ್ನು ಕೈಗಿಡುತ್ತಿದ್ದಳು. ಹೌದು ಎಂದುಬಿಡಬಾರದೇ ಎನಿಸಿತು ಅವನಿಗೆ. ಸುಳ್ಳಾದರೂ ಸರಿ, ನಂಬಿಕೊಂಡಿರಬಹುದಿತ್ತು.

"ಇಲ್ಲ," ಎಂದಳು ಅರ್ಪಿತಾ.

"ನಿಮ್ಮ ಪತಿಯದು ಐರಿಶ್ ಪಾಸ್‌ಪೋರ್ಟ್. ಅವರೊಂದಿಗೆ ಹೋಗುವುದಾದರೆ ನಾನು ಇಷ್ಟೆಲ್ಲ ಕೇಳುತ್ತಿರಲಿಲ್ಲ."

"ಗೊತ್ತು."

ಮುಂದಿನ ಕಾರು ಎರಡು ಮಾರು ಸರಿಯಿತು. ಶ್ರೀಹರ್ಷನೂ ಸರಿದ.

"ಕೊನೆಯ ಪ್ರಶ್ನೆ. ನೀವು ಐರ್ಲೆಂಡಿಗೆ ವಾಪಸ್ ಬರುತ್ತೀರಿ ಎನ್ನುವುದಕ್ಕೆ ಏನು ಸಾಕ್ಷಿ?"

"ಕೆಲಸವಿದೆ, ಆಫೀಸಿನ ಪತ್ರ ಲಗತ್ತಿಸಿದ್ದೇನೆ. ರಿಟರ್ನ್ ಟಿಕೆಟ್ ಇದೆ. ಮನೆಸಾಲದ ಕಾಗದ ಇದೆ. ಗ್ರಂಥಾಲಯದ ಸಂಜೆ ತರಗತಿಗೆ ಸೇರಿದ್ದೇನೆ, ಅದು ಜೂನ್‌ವರೆಗೆ."

ಶ್ರೀಹರ್ಷ ಕಾದ. ಪಟ್ಟಿ ಮುಗಿದಿತ್ತು.

"ನೀವು ವಿವಾಹಿತರು, ಅಲ್ಲವೇ?" ಎಂದಿತು ಧ್ವನಿ.

"ಹೌದು. ಫಾರ್ಮಿನಲ್ಲಿ ಬರೆದಿದ್ದೇನಲ್ಲ."

"ಸರಿ. ನನಗೆ ಇಷ್ಟು ಸಾಕು. ಶುಕ್ರವಾರ ವೀಸಾ ಸಿಗುತ್ತದೆ. ಚೆನ್ನಾಗಿ ಓಡಿ."

ಕರೆ ಕಡಿದು, ರೇಡಿಯೋದ ಹವಾಮಾನ ವರದಿ ತಾನಾಗಿ ಮುಂದುವರಿಯಿತು. ಶ್ರೀಹರ್ಷ ಅದನ್ನು ಆರಿಸಿದ. ಕಾರುಗಳ ಸಾಲು ಕರಗಿ, ಅವಳ ಆಫೀಸಿರುವ ಗ್ರ್ಯಾಂಡ್ ಕೆನಾಲ್ ಡಾಕ್ ಹತ್ತಿರವಾಯಿತು. ಅವಳ ಆಫೀಸಿನ ಹಿಂದಿನ ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದ, "ಆ ಮ್ಯಾಥ್ಯೂದು ಯಾವೂರು?"

ಅರ್ಪಿತಾ ಅವನ ಕಡೆ ತಿರುಗಿ, ಬಹಳ ದಿನಗಳ ಮೇಲೆ ನಕ್ಕಳು. "ಅವನು ಬೆಲ್ಜಿಯಂನವನು ಕಣೋ. ಅಲ್ಲಿಂದ ಇಲ್ಲೀತಂಕ ಅದನ್ನೇ ಯೋಚನೆ ಮಾಡ್ತಾ ಬಂದ್ಯಾ?"

"ಇಲ್ಲ. ಸುಮ್ನೆ ಕೇಳ್ದೆ." ನಾಚಿಕೆಯಾಯಿತು. ಆದರೆ ಹಗುರವಾಗಲಿಲ್ಲ. "ಅಷ್ಟೆಲ್ಲ ಹೇಳ್ದೆ, ಸಂಜೆ ಕ್ಲಾಸನ್ನೂ ಬಿಡ್ಲಿಲ್ಲ. ಗಂಡ ಇದಾನೆ ಅಂತ ಒಂದ್ ಮಾತು ಹೇಳಿದ್ರೆ ಏನಾಗ್ತಿತ್ತು?"

"ಅವರು ಕೇಳಿದ್ದು ಪ್ರೂಫು, ಹರ್ಷ."

"ಮ್ಯಾರೇಜ್ ಸರ್ಟಿಫಿಕೇಟ್ ಇದ್ಯಲ್ಲ."

"ಅದು ಮದುವೆ ಆಗಿತ್ತು ಅನ್ನೋದಕ್ಕೆ. ವಾಪಸ್ ಬರೋದಕ್ಕೆ ಅಲ್ಲ." ಅವಳು ಬೆಲ್ಟ್ ಬಿಚ್ಚಿದಳು. ಇಳಿಯಲಿಲ್ಲ. "ನೀನೇ ಹೇಳು, ಏನು ತೋರಿಸ್ಲಿ?"

ಅದರಲ್ಲಿ ಕೊಂಕಿರಲಿಲ್ಲ. ಉತ್ತರ ಸಿಕ್ಕರೆ ಬರೆದುಕೊಳ್ಳುವವಳಂತೆ ಅವನ ಮುಖವನ್ನೇ ನೋಡುತ್ತಿದ್ದಳು. ಸಿಗ್ನಲ್ ಹಸಿರಾಯಿತು. ಶ್ರೀಹರ್ಷ ಯೋಚಿಸುತ್ತಲೇ ಇದ್ದ. ಹಿಂದೆ ಏಳೆಂಟು ಕಾರುಗಳು, ಈ ದೇಶದ ರೂಢಿಯಂತೆ, ಒಂದೂ ಹಾರ್ನ್ ಹಾಕದೆ ಕಾಯುತ್ತಿದ್ದವು.