ಬೀಟೆಮರದ ಬುಡ

"ಒಳಗೆ ಗುಂಡು ಐತಾ ಸಾರ್?"

ಬಾಗಿಲಲ್ಲಿ ನಿಂತು ಕೇಳಿದವನು ಹೆಡ್ ಕಾನ್‌ಸ್ಟೆಬಲ್ ಮುನಿಯಪ್ಪ. ಹೊಸೂರಿನವನು, ಕನ್ನಡ ಸಲೀಸಾಗಿ ಬರುತ್ತಿತ್ತು.

"ಇಲ್ಲ," ಎಂದರು ಭೋಜರಾಜರು, ತುಸು ಬೇಗನೆ. ತೊಡೆಯ ಮೇಲೆ ಜೋಡುನಳಿಗೆಯ ಕೋವಿ ಅಡ್ಡ ಮಲಗಿತ್ತು. ಅವರು ಬೆಂಗಳೂರಿನ ರೈಲಿಳಿದು ಮದ್ರಾಸಿನ ಪೆರಂಬೂರಿನ ಮನೆಗೆ ಬಂದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ.

1977ರ ಮಾರ್ಚ್ ತಿಂಗಳು. ಲೋಕಸಭೆಗೆ ಚುನಾವಣೆ. ಲೈಸೆನ್ಸ್ ಇರುವ ಕೋವಿಗಳನ್ನೆಲ್ಲ ಮತದಾನ ಮುಗಿಯುವ ತನಕ ಠಾಣೆಯಲ್ಲಿ ಇಡಬೇಕೆಂದು ಆದೇಶ ಬಂದು ವಾರ ಕಳೆದಿತ್ತು. ಭೋಜರಾಜರು ಅದನ್ನು ತತ್ತ್ವದ ಪ್ರಶ್ನೆ ಮಾಡಿಕೊಂಡು ಸುಮ್ಮನೆ ಕುಳಿತಿದ್ದರು. ಇವತ್ತು ಕೊಡದಿದ್ದರೆ ಲೈಸೆನ್ಸ್ ರದ್ದಾಗುತ್ತದೆ. ಕೋವಿ ಶಾಶ್ವತವಾಗಿ ಹೋಗುತ್ತದೆ.

ತತ್ತ್ವಗಳು ಅವರಲ್ಲಿ ಧಾರಾಳವಾಗಿದ್ದವು. ರೈಲು ಬೋಗಿಗಳ ಕಾರ್ಖಾನೆಯಲ್ಲಿ ಮರಗೆಲಸದ ಮೇಲ್ವಿಚಾರಕರಾಗಿದ್ದ ಅವರ ಪ್ರಕಾರ, ದೇಶ ಹಾಳಾದದ್ದು ಪ್ಲೈವುಡ್ ಬಂದ ಮೇಲೆ. ಪ್ರತಿಯೊಬ್ಬ ಪ್ರಜೆಯ ಕೈಯಲ್ಲೂ ಕೋವಿ ಇರಬೇಕು. ಸರಕಾರ ಪ್ರಜೆಯ ಮನೆಯೊಳಗೆ ಇಣುಕಬಾರದು. ಆದರೆ ಪ್ರಜೆಯ ಬಾಯಿ ಮೂಸಿ ನೋಡಬಹುದು, ಏಕೆಂದರೆ ಈ ರಾಜ್ಯದಲ್ಲಿ ಸರಿಯಾಗಿ ನಡೆಯುತ್ತಿದ್ದುದು ಪಾನನಿಷೇಧ ಒಂದೇ. ತುರ್ತುಪರಿಸ್ಥಿತಿಯಲ್ಲಿ ಓಣಿಯವರೆಲ್ಲ ಪಿಸುಗುಟ್ಟುತ್ತಿದ್ದಾಗಲೂ ಭೋಜರಾಜರು ಕಿಟಕಿ ತೆರೆದಿಟ್ಟು ಇದನ್ನೆಲ್ಲ ಹೇಳುತ್ತಿದ್ದರು. ಹಗಲಲ್ಲಿ ಅಲ್ಲ. ಸಂಜೆ ಕೋಣೆಯ ಬಾಗಿಲು ಹಾಕಿ, ಒಬ್ಬರೇ ಕುಳಿತು ಕೋವಿ ಒರೆಸಿ, ಹಲ್ಲಿಗೆ ಒಳ್ಳೆಯದೆಂದು ಲವಂಗ ಜಗಿಯುತ್ತಾ ಹೊರಗೆ ಬಂದ ಮೇಲೆ.

"ಕೋವಿ ಮುಟ್ಟಿದ್ರೆ ಮನುಷ್ಯನಿಗೆ ಧೈರ್ಯ ಬರ್ತದೆ, ಗೊತ್ತುಂಟಾ?" ಎಂದು ಬೀದಿಯಲ್ಲಿ ಹೋಗುವವರಿಗೂ ಕೇಳುವಂತೆ ಹೇಳುತ್ತಿದ್ದರು.

ಪಕ್ಕದ ಮನೆಯ ವಿಷ್ಣುಮೂರ್ತಿಗೆ ಮಾತ್ರ ಅನುಮಾನ. ಅವನು ಉಡುಪಿ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು. ಆ ಕೋವಿಯ ಸದ್ದನ್ನು ಯಾರೂ ಕೇಳಿರಲಿಲ್ಲ. "ಬುಡ ಇವರೇ ಕಡೆದದ್ದಲ್ವಾ? ನಳಿಗೆಯೂ ಮರದ್ದೇ ಮಾರಾಯ್ರೆ. ಮೇಲೆ ಕಪ್ಪು ಬಣ್ಣ ಬಳ್ದಿದ್ದಾರೆ, ಅಷ್ಟೇ."

ಭುಜಕ್ಕೆ ಆನಿಸುವ ಆ ಬುಡವಂತೂ ಬೀಟೆಮರದ್ದು, ಕೋವಿಗೆ ಹೊಂದದಷ್ಟು ದಪ್ಪ. ಬುಡದ ತೂಕ ಹೆಚ್ಚಿದಷ್ಟೂ ಹಿಂದೊದೆತ ಕಡಿಮೆ ಎಂದು ಭೋಜರಾಜರು ನ್ಯೂಟನ್ನನನ್ನು ಸಾಕ್ಷಿಗೆ ಕರೆಯುತ್ತಿದ್ದರು. ನ್ಯೂಟನ್ ತಪ್ಪಲ್ಲ. ಆದರೆ ಒಂದೂ ಗುಂಡು ಹಾರಿಸದವರಿಗೆ ಒದೆತ ಎಲ್ಲಿಂದ? ಎಣ್ಣೆ ಹಾಕಿಸಲೆಂದು ತಿಂಗಳಿಗೊಮ್ಮೆ ಅದನ್ನು ಬೆಂಗಳೂರಿಗೆ ಹೊತ್ತೊಯ್ಯುತ್ತಿದ್ದರು. ರೈಲಿನಲ್ಲಿ ಪೊಲೀಸರು ಎಲ್ಲರ ಚೀಲ ತಡಕುತ್ತಿದ್ದರು. ಇವರ ಲೈಸೆನ್ಸ್ ನೋಡಿ ಸಲಾಂ ಹೊಡೆಯುತ್ತಿದ್ದರು.

"ಒಂದು ಹತ್ತು ನಿಮಿಷ ಕೊಡಿ," ಎಂದರು ಭೋಜರಾಜರು ಈಗ. "ಒಳಗೆ ಹೋಗಿ ಒರೆಸಿ ತರ್ತೇನೆ."

"ಇಲ್ಲೇ ಒರೆಸಿ ಸಾರ್. ನಾನೂ ನೋಡಿ ಕಲ್ತಂಗಾಯ್ತದೆ." ಮುನಿಯಪ್ಪ ಟೋಪಿ ತೆಗೆದು ಕುರ್ಚಿಯಲ್ಲಿ ಕುಳಿತ.

ಅಡುಗೆಮನೆಯಿಂದ ಹೆಂಡತಿ ಚಂದ್ರಮತಿಯ ದನಿ ಬಂತು. "ಖಾಲಿ ಮಾಡಿ ಕೊಡೂದಾದ್ರೆ ಬೇಗ ಮಾಡಿ. ಅವ್ರನ್ನು ಎಷ್ಟು ಹೊತ್ತು ಕಾಯಿಸ್ತೀರಿ?"

"ಖಾಲಿ ಅಂದ್ರಲ್ಲ ಸಾರ್?"

"ಖಾಲಿಯೇ. ನಡೀರಿ," ಎಂದು ಭೋಜರಾಜರು ಎದ್ದರು.

ಠಾಣೆಯ ತನಕ ವಿಷ್ಣುಮೂರ್ತಿಯೂ ಹಿಂದೆಯೇ ಬಂದ. ಇಂಥ ಸಂತೋಷವನ್ನು ಬಿಡುವ ಆಸಾಮಿ ಅವನಲ್ಲ. ಮುನಿಯಪ್ಪ ಕೋವಿಯನ್ನು ಮಡಚಿ ನಳಿಗೆಯೊಳಗೆ ಕಣ್ಣಿಟ್ಟ. ಖಾಲಿ. ಬೀಗದ ಕೈಯಿಂದ ತಟ್ಟಿದ. ಠಣ್ಣೆಂದಿತು. ಅಪ್ಪಟ ಉಕ್ಕು. ವಿಷ್ಣುಮೂರ್ತಿ ಮುಖ ಇಳಿಬಿಟ್ಟುಕೊಂಡು ಹೋಟೆಲಿಗೆ ಹೋದ.

ಭೋಜರಾಜರು ಆಗಲಾದರೂ ಮನೆಗೆ ಹೋಗಬಹುದಿತ್ತು. ಆದರೆ ಅಭಿಪ್ರಾಯ ಇದ್ದವರಿಗೆ ಅದು ಕಷ್ಟ.

"ಒಂದು ಮಾತು. ಮದ್ರಾಸಿನ ಹವೆಗೆ ಮರ ಹಿಗ್ತದೆ. ಇದನ್ನು ಅಲ್ಲಾಡಿಸ್ಬಾರ್ದು. ಬಿಸಿಲಿಗೆ ಇಡ್ಬಾರ್ದು. ಬುಡದ ಹಿಂದೆ ಹಿತ್ತಾಳೆ ತಗಡು ಉಂಟಲ್ಲ, ಅದರ ಸ್ಕ್ರೂ ಮಾತ್ರ ಯಾರೂ ಮುಟ್ಟಬಾರ್ದು."

"ಮುಟ್ಟಿದ್ರೆ ಏನಾಯ್ತದೆ ಸಾರ್?"

"ಹಾಳಾಗ್ತದೆ."

"ಏನು?"

"ಮರ," ಎಂದರು ಭೋಜರಾಜರು, ಸ್ವಲ್ಪ ತಡವಾಗಿ.

ಆಮೇಲಿನ ದಿನಗಳಲ್ಲಿ ಅವರಿಗೆ ನಿದ್ದೆ ಬರಲಿಲ್ಲ. ಸಂಜೆಯಾದರೆ ಲವಂಗದ ಡಬ್ಬಿ ತೆರೆದು, ಹಾಗೆಯೇ ಮುಚ್ಚಿಡುತ್ತಿದ್ದರು. ಬೀದಿಯಲ್ಲಿ ಜೀಪಿನ ಸದ್ದಾದರೆ ಸ್ನಾನದ ಕೋಣೆ ಸೇರುತ್ತಿದ್ದರು. "ಠಾಣೆಯಲ್ಲಿ ಭದ್ರವಾಗಿಯೇ ಉಂಟಲ್ಲ, ಎಂತಕ್ಕೆ ಹೆದರ್ತೀರಿ?" ಎಂದು ಚಂದ್ರಮತಿ ನಗು ತಡೆದುಕೊಂಡು ಕೇಳುತ್ತಿದ್ದಳು. ಮತ ಎಣಿಕೆಯಾಗಿ ದಿಲ್ಲಿಯ ಸರಕಾರವೇ ಬಿದ್ದಿತು. ಊರಿಗೆ ಊರೇ ರೇಡಿಯೋ ಸುತ್ತ ಸೇರಿತ್ತು. ಭೋಜರಾಜರಿಗೆ ಮಾತ್ರ ಆ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಕಿಟಕಿ ಮುಚ್ಚಿತ್ತು.

ಕೊನೆಗೆ ಠಾಣೆಯಿಂದ ಕರೆ ಬಂತು. ಮುನಿಯಪ್ಪ ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು, ದೇವರ ಪ್ರಸಾದ ಕೊಡುವಂತೆ ಕೊಟ್ಟ. ಅದು ಭೋಜರಾಜರ ಕೈಗೆ ಹಗುರಾಗಿ ಬಂತು. ಅವರು ಬುಡವನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಸದ್ದಿಲ್ಲ. ತಗಡಿನ ಸ್ಕ್ರೂಗಳು ಹೊಸದಾಗಿ ತಿರುಗಿಸಿದಂತೆ ಹೊಳೆಯುತ್ತಿದ್ದವು.

"ನಿಮ್ಮ ಮಾತು ನಿಜ ಸಾರ್. ಕೋವಿ ಮುಟ್ಟಿದ್ರೆ ಧೈರ್ಯ ಬರ್ತದೆ." ಮುನಿಯಪ್ಪ ಹತ್ತಿರ ಬಗ್ಗಿದ. ಬಾಯಿಂದ ಲವಂಗದ ವಾಸನೆ ಬಂತು. "ಆದ್ರೆ ಗುಂಡು ಇಲ್ಲ ಅಂತ ಸುಳ್ಳು ಹೇಳ್ಬಾರ್ದಿತ್ತು."

ಭೋಜರಾಜರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಈಗ... ಏನು ಮಾಡ್ತೀರಿ?"

"ಜೂನ್‌ನಾಗೆ ಅಸೆಂಬ್ಲಿ ಎಲೆಕ್ಷನ್ ಅಂತಾರೆ. ಠಾಣೇಲಿ ಏಳು ಜನ ಇದೀವಿ ಸಾರ್, ಬುಡ ಇನ್ನೊಂಚೂರು ದಪ್ಪ ಕಡೀರಿ. ಬೆಂಗಳೂರಿಂದ ಬರೋವಾಗ ಬ್ರಾಂದಿ ಬ್ಯಾಡ, ಈ ಸಲ ರಮ್ ತುಂಬಿಸ್ಕೊಂಡು ಬನ್ನಿ."