ಅಪ್ಪನ ಕಾಯಿಲೆ

“ನನ್ನಪ್ಪನಿಗೆ ಏನು ಕಾಯಿಲೆ ಅಂತ ಕೇಳೋ ಹಕ್ಕೂ ನನಗಿಲ್ವಾ?” ಟೀಚರಮ್ಮ ಆಸ್ಪತ್ರೆಯ ಕೌಂಟರಿನ ಮೇಲೆ ಕೈ ಬಡಿದಳು.

ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. “ಯಾರಿಗೂ ಹೇಳಬೇಡಿ ಅಂತ ಪೇಷೆಂಟೇ ಅಂದಿದ್ದಾರೆ ಮೇಡಂ. ಅವರು ಒಪ್ಪದೆ ನಾವು ಬಾಯಿ ಬಿಡೋ ಹಾಗಿಲ್ಲ.”

“ನಾನೇನು ದಾರೀಲಿ ಹೋಗೋಳಾ? ನಾನು ಬಿಟ್ರೆ ಅವರಿಗೆ ಇನ್ಯಾರೂ ಇಲ್ಲ.”

ಹುಡುಗಿ ಈಗ ತಲೆ ಎತ್ತಿದಳು. ಏನೋ ಹೇಳಲು ಹೊರಟವಳು ನುಂಗಿಕೊಂಡಳು. “ಅವರನ್ನೇ ಕೇಳಿ, ಮೇಡಂ.”

ಕೇಳದೆ ಬಿಟ್ಟಿದ್ದಳೇ? ಮಕ್ಕಳ ಹೊಟ್ಟೆಯಲ್ಲಿರುವ ಉತ್ತರ ಹೊರಡಿಸುವುದೇ ಅವಳ ಕಸುಬು. ಆ ವಿದ್ಯೆ ಅಪ್ಪನ ಮುಂದೆ ಮಾತ್ರ ನಡೆಯಲಿಲ್ಲ. “ಸಣ್ಣ ಆಪರೇಷನ್ ಕಣಮ್ಮ” ಎಂದು ಪೇಪರಿನಲ್ಲಿ ಮುಖ ಹುದುಗಿಸಿಬಿಡುತ್ತಿದ್ದರು. ಊಟ ಚೆನ್ನಾಗಿ ಸೇರುತ್ತಿತ್ತು. ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ. ಕೆಲವು ಕ್ಯಾನ್ಸರ್ ಹೀಗೇ, ಹೊರಗೆ ಗೊತ್ತೇ ಆಗುವುದಿಲ್ಲವಂತೆ ಎಂದು ಪಕ್ಕದ ಮನೆಯಾಕೆ ಹೇಳಿದಂದಿನಿಂದ ಮಗಳಿಗೆ ನಿದ್ದೆ ಹತ್ತಿರಲಿಲ್ಲ.

ಕಾರಿಡಾರಿನಲ್ಲಿ ಡಾಕ್ಟರು ಸಿಕ್ಕರು. ಅಡ್ಡ ನಿಂತಳು.

“ನಿಮ್ಮ ತಂದೆ ವಿಚಾರದಲ್ಲಿ ನನಗೇನೂ ಚಿಂತೆ ಇಲ್ಲಮ್ಮ. ಈ ವಯಸ್ಸಲ್ಲಿ ಇಷ್ಟು ಗಟ್ಟಿಮುಟ್ಟಾಗಿರೋರು ಅಪರೂಪ.”

“ಮತ್ತೆ ನಾಳೆ ಆಪರೇಷನ್ ಯಾಕೆ?”

“ಅದನ್ನ ಅವರೇ ಹೇಳಬೇಕು.” ಡಾಕ್ಟರು ಪಕ್ಕದಿಂದ ನುಣುಚಿಕೊಂಡರು.

ಎಲ್ಲರೂ ಸೇರಿ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ. ಅವಳು ಸಿಟ್ಟಿನಿಂದ ಅಪ್ಪನ ರೂಮಿನತ್ತ ನಡೆದಳು.

ಬಾಗಿಲು ಮುಚ್ಚಿತ್ತು. ಒಳಗಿನಿಂದ ಯಾರೋ ಹೆಂಗಸಿನ ದನಿ: “ಯಾರ ಬಲವಂತವೂ ಇಲ್ಲ ತಾನೇ? ಮನಸ್ಸು ಬದಲಾದ್ರೆ ಕೊನೇ ಗಳಿಗೇಲೂ ಬೇಡ ಅನ್ನಬಹುದು.”

“ಬದಲಾಗಲ್ಲ,” ಅಂದರು ಅಪ್ಪ.

ಬಾಗಿಲು ತಟ್ಟಲು ಎತ್ತಿದ್ದ ಕೈಯನ್ನು ಟೀಚರಮ್ಮ ಇಳಿಸಿದಳು. ಬದುಕಿ ಬರುವ ಖಾತ್ರಿ ಇದ್ದಿದ್ದರೆ ಯಾರಾದರೂ ಹೀಗೆ ಕೇಳುತ್ತಾರೆಯೇ?

ಆ ಹೆಂಗಸು ಹೋದ ಸ್ವಲ್ಪ ಹೊತ್ತಿಗೆ ಅಪ್ಪ ಹೊರಬಂದರು. ಮಗಳು ಕಂಬದ ಮರೆಗೆ ಸರಿದಳು. ಅಪ್ಪ ಅತ್ತಿತ್ತ ನೋಡಿ, ಕಾರಿಡಾರಿನ ಕೊನೆಯ ರೂಮಿನೊಳಗೆ ನುಸುಳಿದರು.

ಅವಳು ಹಿಂದೆಯೇ ಧಾವಿಸಿದಳು. ಬಾಗಿಲಲ್ಲಿ ನರ್ಸ್ ಕೈ ಅಡ್ಡ ಹಿಡಿದಳು. “ಮನೆಯವರಿಗೆ ಮಾತ್ರ. ನೀವು ಪೇಷೆಂಟಿಗೆ ಏನಾಗಬೇಕು?”

“ಒಳಗೆ ಹೋಗಿರೋದು ನನ್ನಪ್ಪ.” ಸಾಕಾಗಿ ಹೋಗಿತ್ತು ಅವಳಿಗೆ. ಆ ಕೈ ಸರಿಸಿ ಬಾಗಿಲು ತಳ್ಳಿದಳು.

ಮಂಚದ ಮೇಲೆ ಊದಿದ ಮುಖದ ಗಂಡಸೊಬ್ಬ ಮಲಗಿದ್ದ. ಅಪ್ಪ ಅವನ ಹಣೆ ಸವರುತ್ತಿದ್ದರು. ಗುರುತು ಹಿಡಿಯಲು ಅವಳಿಗೆ ತುಸು ಹೊತ್ತೇ ಬೇಕಾಯಿತು. ಅಣ್ಣ. ಅಮ್ಮನ ಸಾವಿಗೂ ಬರಲಿಲ್ಲವೆಂದು, ಹೊಸ್ತಿಲು ತುಳಿಯಬೇಡ ಎಂದು ಅವಳೇ ಹೇಳಿ ಕಳಿಸಿದ್ದ ಅಣ್ಣ. ಯಾರ ಹೆಸರೆತ್ತಿದರೆ ಅವಳು ತಟ್ಟೆ ಬಿಟ್ಟು ಏಳುತ್ತಿದ್ದಳೋ ಅವನು.

ಅಪ್ಪ ತಿರುಗಿದರು.

“ಕಾಯಿಲೆ ನನಗಲ್ಲ ಕಣಮ್ಮ. ನಾಳೆ ನನ್ನದೊಂದು ಕಿಡ್ನಿ ಇವನಿಗೆ.”